ನಾನು ಹೋಗದ ಶೋರೂಮು

ಮಾರ್ಚ್ ೧೪, ಗುರುವಾರ

ತಂಗಿಯ ಕ್ಯಾಮೆರಾದ ಶಟರ್ ಕಚ್ಚಿಕೊಂಡಿದೆ. ಭಾನುವಾರ ಅವಳ ಮೊದಲ ಮದುವೆ. ಅಂದರೆ ಫೋಟೊ ತೆಗೆಯಲು ಸಿಕ್ಕ ಮೊದಲ ಮದುವೆ.

ಕ್ಯಾಮೆರಾ ಕೊಡಿಸಿದ ದಾನಶೂರ ನಾನೇ. ತಂದದ್ದು ಗ್ರೇ ಮಾರ್ಕೆಟಿನಿಂದ. ಮಾಲು ಅಸಲಿಯೇ, ಆದರೆ ಬೇರೆ ದೇಶಕ್ಕೆಂದು ಮಾಡಿದ್ದು. ಕಂಪನಿಗೆ ಹೇಳದೆ ಇಲ್ಲಿಗೆ ಬಂದದ್ದು. ಅವಳಿಗೆ ಮಾತ್ರ "ಶೋರೂಮಿಂದೇ ತಂದೆ ಕಣೇ" ಅಂದಿದ್ದೆ. ವಾರಂಟಿ ಕಾರ್ಡಿನ ಮೇಲೆ ಅಂಗಡಿಯವನು ಒತ್ತಿದ ಮುದ್ರೆ ಎಷ್ಟು ದಪ್ಪಗಿತ್ತೆಂದರೆ, ಕ್ರಮೇಣ ನಾನೇ ಅದನ್ನು ನಂಬಿಬಿಟ್ಟಿದ್ದೆ.

ಇವತ್ತು ಸರ್ವಿಸ್ ಸೆಂಟರಿನಾಕೆ ಕ್ಯಾಮೆರಾದ ನಂಬರ್ ಒತ್ತಿ ನೋಡಿದಳು.

"ಇದು ನಮ್ಮ ಕಂಪನಿ ಇಲ್ಲಿ ಮಾರಿದ್ದಲ್ಲ ಮೇಡಂ. ವಾರಂಟಿ ಬರಲ್ಲ. ದುಡ್ಡು ಕೊಟ್ರೂ ನಾವು ಮುಟ್ಟೋ ಹಾಗಿಲ್ಲ."

"ನಿಮ್ಮ ಕಂಪ್ಯೂಟರೇ ಸರಿಯಿಲ್ಲ ಬಿಡಿ. ನಮ್ಮಣ್ಣ ಶೋರೂಮಲ್ಲೇ ತಗೊಂಡಿದ್ದು. ಹೇಳೋ ಅಣ್ಣ!"

ಅಣ್ಣನೆಂಬ ಮಹಾಪುರುಷ ಆಗ ಗೋಡೆಯ ಮೇಲಿನ ಲೆನ್ಸುಗಳ ಪಟವನ್ನು ನಾಳೆ ಪರೀಕ್ಷೆಯಿರುವವನಂತೆ ಓದುತ್ತಿದ್ದ. ಅವಳು ಹತ್ತು ನಿಮಿಷ ನನ್ನ ಪರವಾಗಿ ಜಗಳವಾಡಿದಳು. ಕೌಂಟರಿನಾಕೆ ಒಮ್ಮೆ ನನ್ನ ಮುಖ ನೋಡಿ, ಎಲ್ಲ ಅರ್ಥವಾಗಿ, ಕ್ಯಾಮೆರಾವನ್ನು ಮೆಲ್ಲಗೆ ನಮ್ಮತ್ತ ಸರಿಸಿದಳು. ಬೈದಿದ್ದರೆ ಚೆನ್ನಾಗಿತ್ತು.

ದಾರಿಯಲ್ಲಿ ತಂಗಿಯೇ ನನ್ನನ್ನು ಸಮಾಧಾನ ಮಾಡಿದಳು. "ಶೋರೂಮಿನವ್ರು ನಿಂಗೆ ಟೋಪಿ ಹಾಕಿದಾರೆ ಕಣೋ. ಬೆಳಗ್ಗೆ ಇಬ್ರೂ ಹೋಗಿ ಗ್ರಹಚಾರ ಬಿಡ್ಸೋಣ."

ಭಾನುವಾರಕ್ಕೆ ಬಾಡಿಗೆ ಕ್ಯಾಮೆರಾ ಗೊತ್ತುಮಾಡಿದ್ದೇನೆ. ಮದುವೆ ನಡೆದುಹೋಗುತ್ತದೆ. ಅವಳ ಈ ನಂಬಿಕೆ ಹೋದರೆ ಎಲ್ಲಿಂದ ಬಾಡಿಗೆಗೆ ತರಲಿ?

ಅವಳ ಕೋಣೆಯಲ್ಲಿ ಇನ್ನೂ ದೀಪವಿದೆ. ಶೋರೂಮಿನವರನ್ನು ಏನೇನು ಕೇಳಬೇಕೆಂದು ಬರೆದಿಡುತ್ತಿದ್ದಾಳೆ. ಈಗಲೇ ಎದ್ದು ಹೋಗಿ ಹೇಳಿಬಿಡುವುದು ವಾಸಿ. ಆದರೂ ಈ ಪುಟ ಮುಗಿಯಲಿ ಎಂದು ಬರೆಯುತ್ತಲೇ ಕೂತಿದ್ದೇನೆ.