ಒಂಬತ್ತನೇ ಓಣಿಯ ನಲವತ್ಮೂರು ಡಿಗ್ರಿ

ನೆಲಮನೆ, ರಾಯಚೂರು ಸೀಮೆ
ಕ್ರಿ.ಶ. ೨೩೮೮, ಹದಿಮೂರನೇ ತಿಂಗಳ ನಾಲ್ಕನೇ ದಿನ

ಮುನ್ನೂರ ಅರವತ್ತು ವರ್ಷ ಹಿಂದಿರುವ ಹಿರಿಯರಿಗೆ,

ಅಳತೆಗಾರ್ತಿ ಮಹಾಂತಮ್ಮನ ನಮಸ್ಕಾರಗಳು. ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮ ತಿಂಗಳಿಗೆ ಇಪ್ಪತ್ತೆಂಟೇ ದಿನ, ಹೀಗಾಗಿ ವರ್ಷಕ್ಕೆ ಹದಿಮೂರು ತಿಂಗಳು. ನನ್ನ ಕನ್ನಡ ನಿಮಗೆ ವಿಚಿತ್ರವಾಗಿ ಕಾಣಬಹುದು. ಹಳೆಯ ಪುಸ್ತಕಗಳನ್ನು ನೋಡಿ ತಿದ್ದಿಕೊಂಡಿದ್ದೇನೆ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಈ ಕಾಗದ ಹಿಂದಂಚೆಯಲ್ಲಿ, ಅಂದರೆ ಕಾಲದಲ್ಲಿ ಹಿಂದಕ್ಕೆ ಹೋಗುವ ಅಂಚೆಯಲ್ಲಿ ಬರುತ್ತಿದೆ. ಇದುವರೆಗೆ ಯಾರಿಗೂ ಉತ್ತರ ಬಂದದ್ದಿಲ್ಲ. ಅಂಚೆಯವನು ಮಾತ್ರ ಎಲ್ಲವೂ ತಲುಪಿವೆ ಎಂದೇ ಸಾಧಿಸುತ್ತಾನೆ.

ನಾವು ನೆಲದ ಕೆಳಗೆ ಬದುಕುತ್ತೇವೆ. ಮೇಲಿನ ಬಿಸಿಲಲ್ಲಿ ಮನುಷ್ಯರು ನಿಲ್ಲಲಾಗದ ಮೇಲೆ ನಮ್ಮ ಮುತ್ತಜ್ಜಂದಿರು ಬಂಡೆ ಕೊರೆದು ನಾಲ್ಕು ಸಾವಿರದ ಇನ್ನೂರು ಕೋಣೆ ಮಾಡಿದರು. ಅದೇ ನೆಲಮನೆ. ಕೋಣೆಗಳಲ್ಲಿ ಒಲೆ ಹಚ್ಚುವಂತಿಲ್ಲ. ಮೆಟ್ಟಿಲ ಬಾಯಿಯ ಹತ್ತಿರದ ಸಾಮೂಹಿಕ ಅಡುಗೆಮನೆಯಲ್ಲಿ ಹೆಂಗಸರು ಗಂಡಸರು ಸೇರಿ ರೊಟ್ಟಿ ಬಡಿಯುತ್ತಾರೆ, ಊರಿನ ಸುದ್ದಿಯೆಲ್ಲ ಅಲ್ಲೇ ಬೇಯುತ್ತದೆ. ಪ್ರತಿ ಓಣಿಗೂ ಒಂದು ಗಾಳಿಕೊಳವೆ ಇದೆ, ಅದರಲ್ಲಿ ಬರುವ ತಂಪು ಗಾಳಿಯೇ ನಮ್ಮ ಜೀವ. ಎಲ್ಲ ಕೋಣೆಗಳ ಶಾಖವನ್ನು ವಾರವಾರ ಅಳೆಯುವುದು ಆಗದ ಮಾತು. ಆದ್ದರಿಂದ ಡಬ್ಬಿಯಿಂದ ನಲವತ್ತೆರಡು ಚೀಟಿ ಎತ್ತುತ್ತೇವೆ, ಆ ಕೋಣೆಗಳನ್ನಷ್ಟೇ ಅಳೆದು ಇಡೀ ನೆಲಮನೆಯ ಶಾಖವನ್ನು ಅಂದಾಜು ಮಾಡುತ್ತೇವೆ. ಸರಾಸರಿ ಮೂವತ್ತು ಡಿಗ್ರಿ ದಾಟಿದರೆ ಗಾಳಿಯಂತ್ರ ಇಡೀ ದಿನ ಓಡುತ್ತದೆ. ದಾಟದಿದ್ದರೆ ವಿದ್ಯುತ್ತು ಉಳಿಯಲಿ ಎಂದು ಅರ್ಧ ದಿನ ನಿಲ್ಲಿಸುತ್ತಾರೆ.

ನಮ್ಮಲ್ಲೊಂದು ಪದ್ಧತಿಯಿದೆ, ತುದಿ ತೆಗೆಯುವುದು. ಅಳತೆಗಳಲ್ಲಿ ಎಲ್ಲಕ್ಕಿಂತ ಹೆಚ್ಚಿನದನ್ನೂ ಎಲ್ಲಕ್ಕಿಂತ ಕಡಿಮೆಯದನ್ನೂ ಹೊಡೆದುಹಾಕಿ, ಉಳಿದ ನಲವತ್ತರ ಸರಾಸರಿ ಬರೆಯುತ್ತೇವೆ. ನಿಮ್ಮ ಕಾಲದವರೊಬ್ಬರು ಬರೆದ ಕೈಪಿಡಿಯಲ್ಲಿ ಹಾಗಿದೆ. ಕೆಟ್ಟ ಮಾಪಕಗಳು ಬಾಯಿಗೆ ಬಂದ ಅಂಕಿ ತೋರಿಸುತ್ತಿದ್ದ ದಿನಗಳಲ್ಲಿ ಅದು ಜಾಣತನವೇ ಇದ್ದೀತು. ನಮ್ಮ ಮಾಪಕಗಳು ಸರಿಯಾಗಿ ನೂರು ವರ್ಷವಾಯಿತು, ಪದ್ಧತಿ ಹಾಗೇ ಉಳಿಯಿತು. ನನಗೆ ಕೆಲಸ ಕಲಿಸಿದ ಹುಲಿಗೆಮ್ಮ ದೊಡ್ಡವ್ವ, "ಒಂದು ಅಂಕಿಗೆ ಯಾಕ ಅಷ್ಟು ತಲಿ ಕೆಡಿಸ್ಕೋತಿ, ಹೊಡದ್ ಹಾಕು" ಅನ್ನುತ್ತಿದ್ದಳು. ನಾನೂ ಇಪ್ಪತ್ತು ವರ್ಷ ಕಣ್ಣು ಮುಚ್ಚಿಕೊಂಡು ಹೊಡೆದುಹಾಕಿದೆ.

ಹೋದ ತಿಂಗಳು ಒಂಬತ್ತನೇ ಓಣಿಯ ಒಂದು ಚೀಟಿ ಬಂತು. ಅದು ಹಂಪಮ್ಮ ಎಂಬುವಳ ಕೋಣೆ. ಒಳಗೆ ಕಾಲಿಟ್ಟರೆ ಮುಖಕ್ಕೆ ಝಳ ಹೊಡೆಯಿತು. ಮೂರು ತಿಂಗಳ ಮಗಳು ಈರವ್ವನನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಗೋಡೆಗೆ ಒರಗಿ ಕೂತಿದ್ದಳು. ಮಾಪಕ ನಲವತ್ಮೂರು ತೋರಿಸಿತು. ಹಂಪಮ್ಮ ನನ್ನ ಕೈ ಹಿಡಿದುಕೊಂಡು, "ಬರ್ಕೋರಿ ಅಕ್ಕಾ, ಮ್ಯಾಲಿನೋರಿಗೆ ಮುಟ್ಟಸ್ರಿ" ಅಂದಳು. ಅವಳ ಎದುರಿಗೇ ಬರೆದುಕೊಂಡೆ, ಮುಟ್ಟಿಸುತ್ತೇನೆ ಅಂದೆ. ಆಮೇಲೆ ಕಚೇರಿಗೆ ಬಂದು, ಕೂಡುವ ಮೊದಲು ಅಭ್ಯಾಸಬಲದಿಂದ ಮೇಲಿನ ನಲವತ್ಮೂರನ್ನೂ ಕೆಳಗಿನ ಇಪ್ಪತ್ತೈದನ್ನೂ ಹೊಡೆದುಹಾಕಿದೆ. ಉಳಿದ ನಲವತ್ತರ ಸರಾಸರಿ ಇಪ್ಪತ್ತೆಂಟು ಬಂತು. ನೆಲಮನೆಯ ಆಡಳಿತ ನೋಡುವ ಸಭೆಯವರು ಕಚೇರಿಯ ಫಲಕದ ಮೇಲೆ ಅದನ್ನೇ ಬರೆದರು, ಗಾಳಿಯಂತ್ರ ಅರ್ಧ ದಿನ ನಿಲ್ಲಿಸಿದರು.

ಒಂಬತ್ತನೇ ಓಣಿಯ ಕೊಳವೆ ಒಳಗೆ ಕುಸಿದಿತ್ತು. ಅದರಲ್ಲಿ ಬರುತ್ತಿದ್ದ ಚೂರುಪಾರು ಗಾಳಿಯೂ ನಿಂತಿತು. ಮೂರು ದಿನದಲ್ಲಿ ಹನ್ನೊಂದು ಮಂದಿ ತೀರಿಕೊಂಡರು. ಮೊದಲು ಹೋದದ್ದು ಈರವ್ವ.

ಅಂದಿನಿಂದ ಆ ಅಳತೆಯ ಹಾಳೆಯನ್ನು ಎಷ್ಟು ಸಲ ಕೂಡಿ ಕಳೆದಿದ್ದೇನೋ ಲೆಕ್ಕವಿಲ್ಲ. ಹೊಡೆದ ಎರಡು ಅಂಕಿ ಸೇರಿಸಿದರೂ ಸರಾಸರಿ ಕಾಲು ಡಿಗ್ರಿಗಿಂತ ತುಸು ಏರುತ್ತದೆ, ಅಷ್ಟೇ. ಅಂದರೆ ಸರಾಸರಿಯೊಂದನ್ನೇ ನಂಬಿದ್ದು ಮೊದಲ ತಪ್ಪು. ಅದು ನಡುವೆ ಎಲ್ಲಿದೆ ಎಂದು ಹೇಳುತ್ತದೆ, ಯಾರು ಎಷ್ಟು ದೂರ ಬಿದ್ದಿದ್ದಾರೆ ಎಂದು ಹೇಳುವುದಿಲ್ಲ. ಅದನ್ನು ಹೇಳುವುದು ಹರವು. ನಿಮ್ಮ ಪುಸ್ತಕಗಳಲ್ಲಿ ಅದಕ್ಕೆ ವ್ಯಾಪ್ತಿ, ಮಾನಕ ವಿಚಲನೆ ಎಂಬ ದೊಡ್ಡ ದೊಡ್ಡ ಹೆಸರುಗಳಿವೆ. ಇಪ್ಪತ್ತೈದರಿಂದ ನಲವತ್ಮೂರರವರೆಗೆ ಎಂದು ಒಂದು ಸಾಲು ಬರೆದಿದ್ದರೆ ಯಾರಾದರೂ ಎದ್ದು ಓಡುತ್ತಿದ್ದರು. ಎರಡನೆಯ ತಪ್ಪು ಇನ್ನೂ ದೊಡ್ಡದು. ನಲವತ್ತೆರಡು ಚೀಟಿ ನಾಲ್ಕು ಸಾವಿರದ ಇನ್ನೂರು ಕೋಣೆಗಳ ಪರವಾಗಿ ಬಂದಿದ್ದರೆ, ಒಂದು ಚೀಟಿ ಹೆಚ್ಚೂಕಮ್ಮಿ ನೂರು ಕೋಣೆಗಳ ಪರವಾಗಿ ಬಂದಿತ್ತು. ಅಂದಾಜು ಪಕ್ಕಾ ಇರುವುದಿಲ್ಲ, ಹತ್ತಿರಹತ್ತಿರ ಇರುತ್ತದೆ. ಆಮೇಲೆ ಹೋಗಿ ಎಣಿಸಿದೆ. ಆ ಓಣಿಯಲ್ಲಿ ಬೇಯುತ್ತಿದ್ದ ಕೋಣೆಗಳು ಎಂಬತ್ತೇಳು. ನಾನು ಹೊಡೆದುಹಾಕಿದ್ದು ಒಂದು ಅಂಕಿಯನ್ನು ಎಂದುಕೊಂಡಿದ್ದೆ. ನನಗೆ ನಾಚಿಕೆಯಾಗುತ್ತದೆ, ಊಟ ಸೇರುವುದಿಲ್ಲ.

ಆ ಕೈಪಿಡಿ ಬರೆಯುವವರು ಈಗ ನಿಮ್ಮ ನಡುವೆಯೇ ಎಲ್ಲೋ ಇದ್ದಾರೆ. ಅವರ ಪರಿಚಯವಿದ್ದರೆ ದಯವಿಟ್ಟು ಹೇಳಿ, ತುದಿ ತೆಗೆಯುವ ಮಾತಿನ ಕೆಳಗೆ ಇನ್ನೊಂದು ಸಾಲು ಸೇರಿಸಲಿ: ಅಂಕಿ ಹೊಡೆಯುವ ಮೊದಲು ಎದ್ದು ಆ ಬಾಗಿಲಿಗೆ ಇನ್ನೊಮ್ಮೆ ಹೋಗಿ ಬರಬೇಕು. ಪರಿಚಯವಿಲ್ಲದಿದ್ದರೆ ನೀವಾದರೂ, ಸರಾಸರಿ ಹೇಳಿದವರನ್ನು ಹರವು ಎಷ್ಟು ಎಂದು ಕೇಳುವ ರೂಢಿ ಮಾಡಿಕೊಳ್ಳಿ.

ಇನ್ನೊಂದು ಮಾತನ್ನು ಇಲ್ಲಿ ಯಾರಿಗೂ ಹೇಳಿಲ್ಲ. ಹಂಪಮ್ಮ ಸಭೆಯವರನ್ನು ಶಪಿಸುತ್ತಾಳೆ, ನನ್ನನ್ನಲ್ಲ. ನಾನು ಮುಟ್ಟಿಸಿದೆ, ಅವರೇ ಕಿವಿಗೆ ಹಾಕಿಕೊಳ್ಳಲಿಲ್ಲ ಎಂದು ಅವಳು ತಿಳಿದಿದ್ದಾಳೆ. ಮೊನ್ನೆ ಅಡುಗೆಮನೆಯಲ್ಲಿ ಪಕ್ಕದಲ್ಲೇ ಕೂರಿಸಿಕೊಂಡು, "ನೀವೊಬ್ರೇ ನಮ್ ಮನಿಗೆ ಬಂದೋರು ಅಕ್ಕಾ" ಎಂದು ನನ್ನ ತಾಟಿಗೆ ಬಿಸಿ ರೊಟ್ಟಿ ಹಾಕಿದಳು. ತಿಂದೆ. ನಿಮಗೆ ಬರೆದರೆ ಅವಳಿಗೆ ಹೇಳುವಷ್ಟು ಧೈರ್ಯ ಬಂದೀತು ಎಂದು ಈ ಕಾಗದ ಹಿಡಿದು ಕೂತೆ. ಇಷ್ಟು ಬರೆದರೂ ಬಂದಿಲ್ಲ. ಆದರೂ ಆ ಅಳತೆಯ ಹಾಳೆ ತೆಗೆದುಕೊಂಡು ಅವಳ ಕೋಣೆಗೆ ಹೊರಟಿದ್ದೇನೆ.

ನಿಮ್ಮ ವಂಶದವಳು,
ಮಹಾಂತಮ್ಮ