ಟರ್ಕಿ ಕೋಳಿ ಕೊಯ್ದವಳು ನಾನು

ಅಪ್ಪ,

ಕಮ್ಯುನಿಟಿ ಕಾಲೇಜಿನ ಸಮಾಜಶಾಸ್ತ್ರ ತರಗತಿಯಲ್ಲಿ, ಮನೆಯೊಳಗಿನ ಯಾರೂ ಬಾಯಿಬಿಟ್ಟು ಹೇಳದ ಒಂದು ನಿಯಮವನ್ನು ಮುರಿದು ನೋಡಿ ಎಂದಿದ್ದರು. ಇವತ್ತು ನೀನಿಲ್ಲದ ಮೊದಲ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟ. ಇಡಿಯಾಗಿ ಬೇಯಿಸಿದ ಟರ್ಕಿ ಕೋಳಿಯನ್ನು ಮೇಜಿನ ಮೇಲೆ ಕೊಯ್ದು ಬಡಿಸುವ ನಿನ್ನ ಚಾಕುವನ್ನು ವೆಂಡೆಲ್ ಅಣ್ಣನಿಗಿಂತ ಮೊದಲು ನಾನೇ ಎತ್ತಿಕೊಂಡೆ.

"ಲೇ ಲೊರೀನ್, ಅದು ಗಂಡಸರ ಕೆಲಸ ಕಣೇ. ಕಾಲೇಜಲ್ಲಿ ಇದನ್ನೂ ಹೇಳ್ಕೊಡ್ತಾರಾ?" ಎಂದು ಅವನು ನಕ್ಕ.

"ಹೂಂ, ಮಾರ್ಕ್ಸೂ ಕೊಡ್ತಾರೆ. ತಟ್ಟೆ ಹಿಡಿ ಸುಮ್ನೆ," ಎಂದೆ.

ಹೋಳುಗಳು ನಿನ್ನವಷ್ಟೇ ತೆಳ್ಳಗೆ ಬಂದವು. ಚಿಕ್ಕಂದಿನಿಂದ ನಿನ್ನ ಪಕ್ಕದಲ್ಲೇ ನಿಂತು ನೋಡಿದ್ದೆನಲ್ಲ; ಚಾಕು ಮಾತ್ರ ನೀನು ಒಮ್ಮೆಯೂ ಕೈಗೆ ಕೊಟ್ಟಿರಲಿಲ್ಲ.

ಅಮ್ಮ ತಟ್ಟೆ ಚಾಚಿದಳು. "ನಂಗೆ ಕಾಲು ಹಾಕೇ. ಮದುವೆ ಆದಾಗಿಂದ ಅದು ನಿಮ್ಮಪ್ಪಂದೇ ಆಗಿತ್ತು."

ಎರಡೂ ಕಾಲು ಅವಳಿಗೇ ಹಾಕಿದೆ.