ಎರಡನೇ ಭಾಗದ ಕಾವಲುಗಾರ

ಜೈಲು ಕಾವಲುಗಾರನ ಪಾತ್ರ ಮಾಡಿದವರಿಗೆ, ಸಿನಿಮಾ ಕಂಪನಿಯ ಮೂಲಕ.

ನಮಸ್ಕಾರ. ಜೈಲಿನಿಂದ ತಪ್ಪಿಸಿಕೊಳ್ಳುವ ನಿಮ್ಮ ಸಿನಿಮಾದ ಎರಡನೇ ಭಾಗವನ್ನು ನಿನ್ನೆ ಟೀವಿಯಲ್ಲಿ ನೋಡಿದೆವು. ಮೊದಲನೆಯದರ ಮುಂದೆ ಇದು ತೀರಾ ಸಪ್ಪೆ. ನಾಯಕ ಒರಗಿದರೆ ಜೈಲಿನ ಗೋಡೆಯೇ ಅಲುಗಾಡುತ್ತದೆ! ನಾನು ನಕ್ಕು ನಕ್ಕು ಸುಸ್ತಾಗಿದ್ದಾಗ ನೀವು ಬಂದಿರಿ. ಬೀಗ ಹಾಕಿ, ಎರಡು ಸಲ ಎಳೆದು ನೋಡಿ, ಎಡಗಿವಿ ಕೆರೆದುಕೊಂಡಿರಿ. ಒಂಬತ್ತು ವರ್ಷದ ಹಿಂದೆ ಮನೆ ಬಿಟ್ಟುಹೋದ ನಮ್ಮಪ್ಪನೂ ಹಾಗೆಯೇ ಮಾಡುತ್ತಿದ್ದರು.

ಅಮ್ಮ ಅಡುಗೆಮನೆಯಿಂದ ಬಂದು ನಿಂತಳು. "ಅವರೇನಮ್ಮಾ?" ಎಂದೆ.

"ಕೂದಲು ಪೂರ್ತಿ ನೆರೆತುಬಿಟ್ಟಿದೆ," ಎಂದಳು, ಅಷ್ಟೇ.

ಬಯ್ಯಲು ಬರೆಯುತ್ತಿಲ್ಲ. ನೀವು ಅವರೇ ಹೌದೋ ಅಲ್ಲವೋ ಎಂದು ತಿಳಿಯುವ ಕುತೂಹಲ. ಹೌದಾದರೆ ಒಂದು ಸಾಲು ಬರೆಯಿರಿ. ನಾವು ಮನೆ ಬದಲಾಯಿಸಿಲ್ಲ. ಅಲ್ಲವಾದರೆ ಕ್ಷಮಿಸಿ. ಇಡೀ ಸಿನಿಮಾದಲ್ಲಿ ನಿಜವೆನಿಸಿದ್ದು ನೀವೊಬ್ಬರೇ.

ಇಂತಿ,
ಬಹುಶಃ ನಿಮ್ಮ ಮಗಳು